ಹಿತ್ತಲಿಲ್ಲದ ಮನೆ: ಥಾಣೆ–ಕಲ್ಯಾಣ್ ಪ್ರದೇಶದ ಇಂಗ್ಲಿಷ್ ಸಾಹಿತ್ಯ ತರಗತಿ ಮತ್ತು ಕನ್ನಡ ಮನೆಯ ವಿದ್ಯಾರ್ಥಿ

೧

ಆಧುನಿಕ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷ್ ಅಧ್ಯಾಪಕರ ಚರಿತ್ರೆಯಾಗಿಯೂ ಬರೆಯಬಹುದು. ಬಿ.ಎಂ.ಶ್ರೀ., ವಿ.ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಚಂದ್ರಶೇಖರ ಪಾಟೀಲ ಇವರೆಲ್ಲ ತರಗತಿಯಲ್ಲಿ ಇಂಗ್ಲಿಷ್ ಬೋಧಿಸಿ ಕನ್ನಡದಲ್ಲಿ ಬರೆದವರು. ಈ ಪರಂಪರೆಗೆ ಮಹಾರಾಷ್ಟ್ರದ ಶಾಖೆಯೊಂದೂ ಇದೆ. ಗೋಕಾಕರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲೂ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲೂ ಇದ್ದರು. ಶಾಂತಿನಾಥ ದೇಸಾಯಿಯವರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ, ಜಿ.ಎಸ್. ಆಮೂರರು ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಕನ್ನಡ ವಿಮರ್ಶೆಯ ಗಣನೀಯ ಭಾಗ ಹೀಗೆ ಕನ್ನಡ ನಾಡಿನ ಹೊರಗಿನ ಇಂಗ್ಲಿಷ್ ವಿಭಾಗಗಳಲ್ಲಿ ರೂಪುಗೊಂಡಿತು.

ಈ ಚರಿತ್ರೆಯನ್ನು ನಾವು ಇದುವರೆಗೆ ಅಧ್ಯಾಪಕರ ಪೀಠದ ಕಡೆಯಿಂದಲೇ ನೋಡಿದ್ದೇವೆ. ಆರ್.ಕೆ. ನಾರಾಯಣರ 'ದ ಇಂಗ್ಲಿಷ್ ಟೀಚರ್' (1945) ಕಾದಂಬರಿಯಲ್ಲಿ ಸಾಹಿತ್ಯಬೋಧನೆಯ ನಿಸ್ಸಾರತೆಯಿಂದ ಬೇಸತ್ತು ಕೆಲಸ ಬಿಡುವವನು ಅಧ್ಯಾಪಕನೇ; ಬೆಂಚಿನ ಮೇಲೆ ಕುಳಿತವರಿಗೆ ಏನಾಗುತ್ತಿತ್ತೆಂಬುದು ಆ ಕೃತಿಯ ಮುಖ್ಯ ಕಾಳಜಿಯಲ್ಲ. ಗೌರಿ ವಿಶ್ವನಾಥನ್ ಅವರ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' (1989) ಇಂಗ್ಲಿಷ್ ಸಾಹಿತ್ಯವೆಂಬ ಶಿಸ್ತು ಇಂಗ್ಲೆಂಡಿನಲ್ಲಿ ನೆಲೆಯೂರುವ ಮೊದಲೇ ಭಾರತದಲ್ಲಿ ಪಠ್ಯವಾಗಿ ರೂಪುಗೊಂಡಿತೆಂಬುದನ್ನು ತೋರಿಸಿಕೊಟ್ಟಿತು. ಆದರೆ ಆ ಅಧ್ಯಯನದ ಆಕರಗಳು ಆಡಳಿತದ ದಾಖಲೆಗಳು. ವಿದ್ಯಾರ್ಥಿಯ ಅನುಭವ ಅಲ್ಲಿಯೂ ಪರೋಕ್ಷವಾಗಿಯೇ ಉಳಿಯುತ್ತದೆ.

ಪದವಿಯ ಮೊದಲ ವರ್ಷದ ಇಂಗ್ಲಿಷ್ ಸಾಹಿತ್ಯ ತರಗತಿಯನ್ನು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಕನ್ನಡ ಮನೆಗಳಿಂದ ಬಂದ ವಿದ್ಯಾರ್ಥಿಯ ಕಡೆಯಿಂದ ನೋಡುವುದು ಈ ಟಿಪ್ಪಣಿಯ ಉದ್ದೇಶ. ಯಾವುದೇ ಒಂದು ಕಾಲೇಜನ್ನು ನಾವು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿಲ್ಲ. ತರಗತಿಯ ಪರಿಭಾಷೆಯೇ ನಮ್ಮ ಪಠ್ಯ.

೨

ಮೊದಲು ಪ್ರದೇಶದ ಬಗ್ಗೆ ಎರಡು ಮಾತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಅದಾಗಿ ನಾಲ್ಕು ವರ್ಷಕ್ಕೆ, 1857ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರುವವರೆಗೆ ಮುಂಬಯಿ ಕರ್ನಾಟಕದ ಕನ್ನಡಿಗರಿಗೆ ಪದವಿ ಕೊಡುತ್ತಿದ್ದುದು ಈ ವಿಶ್ವವಿದ್ಯಾಲಯವೇ. ಥಾಣೆ–ಕಲ್ಯಾಣ್ ಸಾಲಿನ ಕಾಲೇಜುಗಳು ಇಂದು ಸೇರಿರುವುದೂ ಅದಕ್ಕೇ. ಆದ್ದರಿಂದ ಡೊಂಬಿವಲಿಯ ಕನ್ನಡ ವಿದ್ಯಾರ್ಥಿಯನ್ನು ಪರಸ್ಥಳದವನೆಂದು ಮಾತ್ರ ಕಾಣುವುದು ಚರಿತ್ರೆಯ ದೃಷ್ಟಿಯಿಂದ ಸರಿಯಾಗಲಾರದು. ಅವನು ಕುಳಿತಿರುವುದು ಗೋಕಾಕರ ತಲೆಮಾರು ಪದವಿ ಪಡೆದ ವಿಶ್ವವಿದ್ಯಾಲಯದ ಬೆಂಚಿನ ಮೇಲೆಯೇ.

ಬೆಂಚು ಅದೇ ಆದರೂ ಕುಳಿತವನು ಬೇರೆ. ಹಿಂದಿನ ತಲೆಮಾರಿನ ಮುಂಬಯಿ ಕನ್ನಡಿಗರಲ್ಲಿ ಅನೇಕರು ಊರಿನಲ್ಲಿ ಕನ್ನಡ ಅಕ್ಷರ ಕಲಿತು ಬಂದವರು. ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದು ಮುಂದುವರಿಸಿದವರು. ಇಂದಿನ ವಿದ್ಯಾರ್ಥಿ ಬಹುಮಟ್ಟಿಗೆ ಇಲ್ಲಿಯೇ ಹುಟ್ಟಿದವನು. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ, ಕಟ್ಟಡದ ಮೆಟ್ಟಿಲಿನಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮರಾಠಿಯನ್ನು ಅವನು ದೇವನಾಗರಿಯಲ್ಲಿ ಓದಬಲ್ಲ. 2020ರ ರಾಜ್ಯ ಕಾಯಿದೆ ಶಾಲೆಗಳಲ್ಲಿ ಅದನ್ನು ಕಡ್ಡಾಯವಾಗಿಸಿದೆ. ಕನ್ನಡವನ್ನು ಕೇಳಬಲ್ಲ, ಆಡಬಲ್ಲ. ಅನೇಕ ಮನೆಗಳಲ್ಲಿ ಓದಲಾರ. ಡೊಂಬಿವಲಿಯಂಥಲ್ಲಿ ಕನ್ನಡ ಸಂಘ ನಡೆಸುವ ವಿದ್ಯಾಸಂಸ್ಥೆಗಳೂ ಇವೆ. ಆದರೂ ಒಟ್ಟು ಚಿತ್ರ ಇದು. ಗೋಕಾಕರಿಂದ ಲಂಕೇಶರವರೆಗಿನ ಪರಂಪರೆ ಆಧರಿಸಿದ್ದ ಒಂದು ಶರತ್ತು, ಎರಡು ಭಾಷೆಗಳಲ್ಲೂ ಅಕ್ಷರಸ್ಥನಾಗಿರುವುದು, ಇಲ್ಲಿ ಕಳಚಿಬಿದ್ದಿದೆ.

೩

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಥಮ ಬಿ.ಎ. ಐಚ್ಛಿಕ ಇಂಗ್ಲಿಷ್ ಪತ್ರಿಕೆಗೆ 'ಸಾಹಿತ್ಯ ಪ್ರವೇಶ' ಎಂಬರ್ಥದ ಹೆಸರಿತ್ತು. ಹೆಸರುಗಳು, ಪಠ್ಯಗಳು ಬದಲಾಗಿವೆ. ಇಂಥ ತರಗತಿಗಳ ಕ್ರಮ ಮಾತ್ರ ಎಲ್ಲೆಡೆ ಪರಿಚಿತವೇ. ಮೊದಲು ಪ್ರಕಾರಗಳ ವ್ಯಾಖ್ಯೆ: ಲಿರಿಕ್, ಸಾನೆಟ್, ಬ್ಯಾಲಡ್, ಎಲಿಜಿ, ಡ್ರಾಮಾಟಿಕ್ ಮೊನೊಲಾಗ್. ಆಮೇಲೆ ಒಂದೊಂದಕ್ಕೂ ಒಂದೆರಡು ಮಾದರಿ. ಪರೀಕ್ಷೆಯಲ್ಲಿ ಕಿರುಟಿಪ್ಪಣಿ. ವ್ಯಾಖ್ಯೆ ಗೈಡಿನಲ್ಲಿ ಸಿಗುತ್ತದೆ, ಬಾಯಿಪಾಠವಾಗುತ್ತದೆ, ಅಂಕವೂ ಬರುತ್ತದೆ. ಉತ್ತರ ಚೆನ್ನಾಗಿ ಬಾರದಿದ್ದರೆ ನಾವು ಅದನ್ನು 'ಇಂಗ್ಲಿಷ್ ದುರ್ಬಲ' ಎಂದು ಗುರುತಿಸುತ್ತೇವೆ. ನಮ್ಮ ವಾದವೆಂದರೆ, ಇಲ್ಲಿ ದುರ್ಬಲವಾಗಿರುವುದು 'ಪ್ರವೇಶ' ಎಂಬ ಕಲ್ಪನೆ. ಈ ವಿದ್ಯಾರ್ಥಿ ಸಾಹಿತ್ಯವನ್ನು ಮೊದಲ ಬಾರಿಗೆ ಪ್ರವೇಶಿಸುತ್ತಿದ್ದಾನೆಂದು ತರಗತಿ ನಂಬುತ್ತದೆ. ಸ್ವಲ್ಪ ಕಾಲದಲ್ಲಿ ಅವನೂ ಹಾಗೆಯೇ ನಂಬುತ್ತಾನೆ.

ಬ್ಯಾಲಡ್ ಎಂಬ ಒಂದೇ ಪದವನ್ನು ತೆಗೆದುಕೊಳ್ಳೋಣ. ಕನ್ನಡದಲ್ಲಿ ಅದಕ್ಕೆ ನಾವು ಬಳಸುವ ಮಾತು 'ಲಾವಣಿ'. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ವೀರಕಥನ. ಆದರೆ ಡೊಂಬಿವಲಿಯ ನೆರೆಮನೆಯ ಮರಾಠಿಯಲ್ಲಿ ಲಾವಣಿ ಎಂದರೆ ತಮಾಶಾದ ರಂಗದಲ್ಲಿ ಕುಣಿತದೊಡನೆ ಬರುವ, ಬಹುಮಟ್ಟಿಗೆ ಶೃಂಗಾರದ ಹಾಡು. ಅಲ್ಲಿ ವೀರಕಥನಕ್ಕೆ ಹೆಸರು 'ಪೋವಾಡಾ'. ಜೋತಿರಾವ್ ಫುಲೆಯವರು 1869ರಲ್ಲಿ ಶಿವಾಜಿಯನ್ನು ಕುರಿತು ಬರೆದದ್ದು ಪೋವಾಡಾ. ವಿದ್ಯಾರ್ಥಿಯ ಮನೆ ತುಳುವಿನದಾದರೆ ಅಲ್ಲಿ ಮತ್ತೊಂದು ಮಾತಿದೆ: ಪಾಡ್ದನ. ಅದು ಕಥನವೂ ಹೌದು, ಆರಾಧನೆಯ ಅಂಗವೂ ಹೌದು. ಅದರ ಹರವು ಎಷ್ಟೆಂಬುದಕ್ಕೆ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಸಂಗಡಿಗರು ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿ 1998ರಲ್ಲಿ ಪ್ರಕಟಿಸಿದ ಸಿರಿ ಕಾವ್ಯವೇ ಸಾಕ್ಷಿ. ಅದರಲ್ಲಿ 15,683 ಸಾಲುಗಳಿವೆ. ಬ್ಯಾಲಡ್ ಎಂದರೆ ಚಿಕ್ಕ ಚರಣಗಳ ಸರಳ ಕಥನಗೀತ ಎಂಬ ಗೈಡಿನ ವ್ಯಾಖ್ಯೆಯ ಎದುರು ಈ ಮೂರು ಮಾತುಗಳನ್ನು ಇಟ್ಟ ಕೂಡಲೇ ವ್ಯಾಖ್ಯೆ ಪ್ರಶ್ನೆಯಾಗುತ್ತದೆ. ಕಥನಗೀತವನ್ನು ಪ್ರಕಾರವಾಗಿಸುವುದು ಯಾವುದು? ಅದರ ಉದ್ದವೇ, ವಸ್ತುವೇ, ಹಾಡುವ ಸಂದರ್ಭವೇ? ಒಂದೇ ಹೆಸರು ಎರಡು ನೆರೆಭಾಷೆಗಳಲ್ಲಿ ಎರಡು ಪ್ರಕಾರಗಳನ್ನು ಸೂಚಿಸುವುದಾದರೆ ಪ್ರಕಾರವೆಂಬುದು ಕೃತಿಯಲ್ಲಿದೆಯೋ, ಕೇಳುವ ಸಮುದಾಯದಲ್ಲಿದೆಯೋ? ಇವು ಸಾಹಿತ್ಯಸಿದ್ಧಾಂತದ ಮೂಲ ಪ್ರಶ್ನೆಗಳು. ಮೊದಲ ವರ್ಷದ ವಿದ್ಯಾರ್ಥಿ ಇವನ್ನು ಯಾವ ಸಿದ್ಧಾಂತವನ್ನೂ ಓದದೆ, ತನ್ನ ಮನೆ ಮತ್ತು ಮೆಟ್ಟಿಲಿನ ನಡುವಣ ವ್ಯತ್ಯಾಸದಿಂದಲೇ ಕೇಳಬಲ್ಲ.

ಇದು ಹೊರಗಿನಿಂದ ತಂದು ಹೇರಿದ ಹೋಲಿಕೆಯೂ ಅಲ್ಲ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದಾಗ ಅವಕ್ಕೆ ಕೊಟ್ಟ ಹೆಸರು ಬ್ಯಾಲಡ್ ಎಂದೇ. ಲಾವಣಿಗೂ ಬ್ಯಾಲಡ್‌ಗೂ ಗಂಟುಹಾಕಿದ ಈ ಕೆಲಸ ಮುಂಬಯಿಯ ವಿದ್ವತ್‌ಪತ್ರಿಕೆಯಲ್ಲಿಯೇ ನಡೆದಿದೆ. ಮುಂಬಯಿ ವಿಶ್ವವಿದ್ಯಾಲಯದ ತರಗತಿ ಅದನ್ನು ನೆನೆಯದೆ ಸ್ಕಾಟ್ಲೆಂಡಿನ ಗಡಿಸೀಮೆಯ ಹಾಡುಗಳಿಂದಲೇ ಪ್ರಾರಂಭಿಸುವುದು ವಿಚಿತ್ರವೆನಿಸುತ್ತದೆ.

ಇನ್ನೊಂದು ನಿದರ್ಶನ ಡ್ರಾಮಾಟಿಕ್ ಮೊನೊಲಾಗ್. ಬ್ರೌನಿಂಗನ 'ಮೈ ಲಾಸ್ಟ್ ಡಚೆಸ್' (1842) ಇಂಥ ತರಗತಿಗಳ ನೆಚ್ಚಿನ ಮಾದರಿ. ಮಾತನಾಡುವವನು ಡ್ಯೂಕ್, ಕೇಳುವವನು ಮದುವೆಯ ಮಾತುಕತೆಗೆ ಬಂದ ದೂತ, ಅವನು ತುಟಿಪಿಟಕ್ಕೆನ್ನುವುದಿಲ್ಲ. ಮುಂಬಯಿ ಪರಿಸರದ ಕನ್ನಡ ಸಂಘಗಳ ಸಭಾಗೃಹಗಳಲ್ಲಿ ತಾಳಮದ್ದಳೆ ಕೇಳಿದ ವಿದ್ಯಾರ್ಥಿಗೆ ಪಾತ್ರವೊಂದು ತನ್ನ ನಿಲುವನ್ನು ತಾನೇ ಸಮರ್ಥಿಸಿಕೊಳ್ಳುವುದು ಹೊಸದಲ್ಲ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ರಾಮನ ಅರ್ಥಧಾರಿ ಉತ್ತರಿಸಲೇಬೇಕು. ಉತ್ತರ ಸೋತರೆ ಸಭೆಗೆ ಅದು ತಿಳಿಯುತ್ತದೆ. ಈ ಅನುಭವದ ಬೆಳಕಿನಲ್ಲಿ ಬ್ರೌನಿಂಗನ ತಂತ್ರ ನಿಚ್ಚಳವಾಗುತ್ತದೆ. ಡ್ಯೂಕನಿಗೆ ಎದುರು ಅರ್ಥ ಹೇಳುವವರಿಲ್ಲ. ಎದುರಾಳಿಯನ್ನು ತೆಗೆದುಹಾಕಿ, ಅವನ ಸ್ಥಾನದಲ್ಲಿ ಓದುಗನನ್ನು ಕೂರಿಸಿರುವುದೇ ಆ ಕವಿತೆಯ ಹಂಚಿಕೆ. ತಾಳಮದ್ದಳೆ ಮತ್ತು ಮೊನೊಲಾಗ್ ಒಂದೇ ಎಂದು ನಾವು ಹೇಳುತ್ತಿಲ್ಲ. ಅವು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿಯೇ ವ್ಯಾಖ್ಯೆ ಹುಟ್ಟುತ್ತದೆ. ಗೈಡು ಕೊಡಲಾರದ್ದು ಈ ಹುಟ್ಟು.

೪

ಕನ್ನಡ ವಿಮರ್ಶೆ ಇಂಗ್ಲಿಷಿಗೂ ಮನೆಮಾತಿಗೂ ಇರುವ ಸಂಬಂಧವನ್ನು ಮನೆಯ ರೂಪಕದಿಂದ ವಿವರಿಸುತ್ತ ಬಂದಿದೆ. ಎ.ಕೆ. ರಾಮಾನುಜನ್ನರು ತಮ್ಮ ಮೈಸೂರಿನ ಮನೆಯನ್ನು ನೆನೆಯುವಾಗ ಮಹಡಿಯ ಮೇಲೆ ತಂದೆಯ ಇಂಗ್ಲಿಷ್ ಮತ್ತು ಸಂಸ್ಕೃತ, ಕೆಳಗೆ ತಾಯಿಯ ತಮಿಳು, ಹೊರಗೆ ಬೀದಿಯ ಕನ್ನಡ ಎಂದು ಭಾಷೆಗಳಿಗೆ ನೆಲೆಗಳನ್ನು ಗುರುತಿಸಿದರು. ಅನಂತಮೂರ್ತಿಯವರಲ್ಲಿ ಅದು ಮನೆಯ ಮುಂಭಾಗ ಮತ್ತು ಹಿತ್ತಲು: ಮುಂದೆ ಶಾಸ್ತ್ರ, ಪಾಂಡಿತ್ಯ, ಲೋಕವ್ಯವಹಾರ, ಹಿಂದೆ ಹೆಂಗಸರ ಮಾತು, ಕಥೆ, ಗುಟ್ಟು. ಲೇಖಕ ಹಿತ್ತಲಿನಿಂದ ಪಡೆದದ್ದನ್ನು ಮುಂಭಾಗದ ವಿದ್ಯೆಯೊಡನೆ ಬೆಸೆಯುತ್ತಾನೆ. ನಮ್ಮ ನವ್ಯದ ಸೃಷ್ಟಿಶೀಲತೆಯನ್ನು ಈ ರೂಪಕ ಸಮರ್ಥವಾಗಿ ವಿವರಿಸಿದೆ.

ಆದರೆ ಈ ರೂಪಕಕ್ಕೆ ಮಹಡಿಯಿರುವ, ಹಿತ್ತಲಿರುವ ಮನೆ ಬೇಕು. ಒಂದು ಕೋಣೆ, ಒಂದು ಅಡುಗೆಮನೆಯ ಡೊಂಬಿವಲಿಯ ಬಿಡಾರದಲ್ಲಿ ಭಾಷೆಗಳಿಗೆ ಬೇರೆಬೇರೆ ನೆಲೆಗಳಿಲ್ಲ. ಅಜ್ಜಿಯ ಕನ್ನಡ, ಟಿ.ವಿ.ಯ ಹಿಂದಿ, ಬಾಗಿಲಲ್ಲಿ ನಿಂತ ನೆರೆಯವರ ಮರಾಠಿ, ಮಗಳು ಜೋರಾಗಿ ಓದುವ ಇಂಗ್ಲಿಷ್ ಪಾಠ, ಎಲ್ಲವೂ ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಇಲ್ಲಿ ಭಾಷೆಗಳನ್ನು ಬೇರ್ಪಡಿಸುವುದು ಗೋಡೆಯಲ್ಲ; ಹೊತ್ತು ಮತ್ತು ಸಂಬಂಧ. ಯಾರೊಡನೆ, ಯಾವ ಗಳಿಗೆಯಲ್ಲಿ ಎಂಬುದರ ಮೇಲೆ ಮಾತು ತಿರುಗುತ್ತದೆ. ಹಿತ್ತಲಿನ ಭಾಷೆ ಮುಂಭಾಗದಿಂದ ಮರೆಯಾಗಿದ್ದರಿಂದಲೇ ಅದರ ಸತ್ವವನ್ನು ಉಳಿಸಿಕೊಂಡಿತ್ತು. ಮರೆಯೇ ಇಲ್ಲದ ಕೋಣೆಯಲ್ಲಿ, ಅಕ್ಷರದ ಆಸರೆಯೂ ಇಲ್ಲದ ಕನ್ನಡ ಬಲುಬೇಗ ಸವೆಯುತ್ತದೆ. ಅದೇ ವೇಳೆ ಅದಕ್ಕೆ ಹಿಂದೆಂದೂ ಇಲ್ಲದ ಒಂದು ಸೌಲಭ್ಯವೂ ಒದಗಿದೆ: ನಾಲ್ಕು ಭಾಷೆಗಳ ಎದುರಿನಲ್ಲಿ ತನ್ನನ್ನು ಹೋಲಿಸಿ ನೋಡಿಕೊಳ್ಳುವ ಅವಕಾಶ. ಹೊರನಾಡಿನ ಸಂಶೋಧಕರಾದ ನಾವು ಹಿತ್ತಲಿನ ರೂಪಕವನ್ನು ಹಾಗೆಯೇ ಎರವಲು ತಂದರೆ ಈ ಸವಕಳಿಯೂ ಕಾಣಿಸದು, ಈ ಅವಕಾಶವೂ ಕಾಣಿಸದು.

೫

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಎರಡೂ ಗೌರವಕ್ಕೆ ಅರ್ಹವಾದವು. ಮೊದಲನೆಯದು ವ್ಯವಹಾರದ್ದು. ಒಂದೇ ತರಗತಿಯಲ್ಲಿ ಮರಾಠಿ, ಗುಜರಾತಿ, ಸಿಂಧಿ, ತಮಿಳು, ಮಲಯಾಳಂ, ಕನ್ನಡ ಮನೆಗಳ ಮಕ್ಕಳಿರುತ್ತಾರೆ. ಅಧ್ಯಾಪಕರು ಎಲ್ಲ ಮನೆಗಳ ಸಾಹಿತ್ಯವನ್ನು ಬಲ್ಲವರಾಗಿರಲು ಸಾಧ್ಯವಿಲ್ಲ. ನಿಜ. ಆದರೆ ಅಧ್ಯಾಪಕರು ಬಲ್ಲವರಾಗಬೇಕಾಗಿಲ್ಲ, ಕೇಳಬಲ್ಲವರಾದರೆ ಸಾಕು. ನಿಮ್ಮ ಮನೆಯಲ್ಲಿ ಹಾಡಿನ ರೂಪದ ಕಥೆಗೆ ಏನೆನ್ನುತ್ತಾರೆ ಎಂಬ ಒಂದು ಪ್ರಶ್ನೆಗೆ ಆರು ಭಾಷೆಗಳಿಂದ ಬರುವ ಉತ್ತರಗಳೇ ಬ್ಯಾಲಡ್ ಪಾಠದ ಅರ್ಧಭಾಗವಾಗಬಲ್ಲವು.

ಎರಡನೆಯದು ಹೆಚ್ಚು ಗಂಭೀರವಾದದ್ದು. ಮನೆಯೆಂಬುದು ಎಲ್ಲರಿಗೂ ಭಂಡಾರವಲ್ಲ. ಸಾವಿತ್ರಿಬಾಯಿ ಫುಲೆಯವರು 1854ರ ತಮ್ಮ 'ಕಾವ್ಯಫುಲೆ' ಸಂಕಲನದಲ್ಲಿ ಇಂಗ್ಲಿಷನ್ನು ತಾಯಿಯೆಂದು ಕರೆದರು. ಜಾತಿಯ ಅವಮಾನವನ್ನು ಹೊತ್ತುಬಂದವರಿಗೆ ಇಂಗ್ಲಿಷ್ ತರಗತಿ ಮನೆ–ಊರುಗಳ ನೆನಪಿನಿಂದ ಬಿಡುಗಡೆಯೂ ಆಗಿರಬಹುದು. ಅಲ್ಲಿ ಮತ್ತೆ ಮನೆಯ ಸುದ್ದಿ ಕೇಳುವುದು ಹಿಂಸೆಯಾಗಬಹುದು. ಯಕ್ಷಗಾನ, ತಾಳಮದ್ದಳೆಗಳನ್ನೇ ಕನ್ನಡ ಮನೆಯ ಸಾಹಿತ್ಯವೆಂದು ಸಾರಿದರೆ, ಕಲಬುರಗಿ, ಯಾದಗಿರಿ ಕಡೆಗಳಿಂದ ಕಟ್ಟಡಗಳ ಕೆಲಸಕ್ಕೆ ಬಂದು ಇಲ್ಲಿ ನೆಲೆಸಿದವರ ಮಕ್ಕಳನ್ನು ನಾವೇ ಹೊರಗಿಟ್ಟಂತಾಗುತ್ತದೆ. ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಒಪ್ಪಿ ನಮ್ಮ ವಾದವನ್ನು ತಿದ್ದಿಕೊಳ್ಳುತ್ತೇವೆ. ತರಗತಿ ಕೇಳಬೇಕಾದದ್ದು ಮನೆಯ ಹೆಮ್ಮೆಯನ್ನಲ್ಲ. ವಿದ್ಯಾರ್ಥಿ ಕೇಳಿಬಲ್ಲ ಮಾತನ್ನು. ನಾಮದೇವ ಢಸಾಳರ 'ಗೋಲಪೀಠಾ' (1972) ಮತ್ತು ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಮೂರು ವರ್ಷಗಳ ಅಂತರದಲ್ಲಿ ಎರಡು ನೆರೆಭಾಷೆಗಳಲ್ಲಿ ಬಂದವು. ಒಂದು ಮುಂಬಯಿಯ ಕೇರಿಯ ಮಾತನ್ನು ಕವಿತೆಯಾಗಿಸಿತು. ಇನ್ನೊಂದು ಹಾಡಿನ ಲಯವನ್ನು ಪ್ರತಿಭಟನೆಗೆ ದುಡಿಸಿತು. ಲಿರಿಕ್ ಎಂದರೇನೆಂಬ ಚರ್ಚೆಗೆ ಇವೆರಡೂ ಅಗತ್ಯ. ಯಾರೂ ತಮ್ಮ ಮನೆಯನ್ನು ಬಯಲಿಗಿಡದೆಯೂ ಈ ಚರ್ಚೆ ನಡೆಯಬಲ್ಲದು.

೬

1871ರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ'ಯಾಗಿ ತಂದರು. ಬಿ.ಎಂ.ಶ್ರೀಯವರು 1926ರ 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಕನ್ನಡ ಭಾವಗೀತೆಗೆ ಹೊಸ ಲಯಗಳನ್ನು ತೋರಿಸಿದರು. ಇಂಗ್ಲಿಷ್ ತರಗತಿಯಲ್ಲಿ ಕುಳಿತವರು ಅಲ್ಲಿಂದ ಏನನ್ನಾದರೂ ಮನೆಗೆ ತಂದರೆಂಬುದಕ್ಕೆ ಇವು ಸಾಕ್ಷಿ. ಥಾಣೆ–ಕಲ್ಯಾಣ್ ಸಾಲಿನ ಇಂದಿನ ವಿದ್ಯಾರ್ಥಿಯಿಂದ ಅದನ್ನೇ ನಿರೀಕ್ಷಿಸುವುದು ನ್ಯಾಯವಲ್ಲ. ತಂದದ್ದನ್ನು ಬರೆದಿಡಲು ಅವನಲ್ಲಿ ಕನ್ನಡದ ಅಕ್ಷರವಿಲ್ಲ. ಅವನಿಂದ ಆಗಬಹುದಾದದ್ದು ಇದರ ತಿರುವುಮುರುವು: ಮನೆಯಲ್ಲಿ ಕೇಳಿದ್ದನ್ನು ತರಗತಿಗೆ ತರುವುದು, ಇಂಗ್ಲಿಷಿನಲ್ಲಿಯೇ ಅದನ್ನು ಕುರಿತು ಯೋಚಿಸುವುದು. ಹಾಗೆ ಯೋಚಿಸಿದವರಲ್ಲಿ ಕೆಲವರಾದರೂ ಮುಂದೆ ಅಕ್ಷರವನ್ನು ಅರಸಿಕೊಂಡು ಕನ್ನಡ ವಿಭಾಗದ ಬಾಗಿಲಿಗೆ ಬರಬಹುದು.

ಕನ್ನಡ ಪೀಠಗಳೂ ವಿಭಾಗಗಳೂ ಇಂಗ್ಲಿಷ್ ತರಗತಿಯನ್ನು ಪ್ರತಿಸ್ಪರ್ಧಿಯೆಂದು ಭಾವಿಸುವುದನ್ನು ಬಿಡಬೇಕೆಂದು ನಮಗೆ ಅನ್ನಿಸುತ್ತದೆ. ಈ ಪ್ರದೇಶದಲ್ಲಿ ಕನ್ನಡ ಮನೆಯ ಮಕ್ಕಳು ಸಾಹಿತ್ಯವೆಂಬ ಹೆಸರಿನಲ್ಲಿ ಕುಳಿತುಕೊಳ್ಳುವ ಸ್ಥಳ ಬಹುಮಟ್ಟಿಗೆ ಅದೊಂದೇ. ಕಥನಗೀತ, ಶೋಕಗೀತ, ಒಗಟು, ಗಾದೆ, ಅರ್ಥಗಾರಿಕೆ ಇವಕ್ಕೆ ಮನೆಮನೆಗಳಲ್ಲಿ ಬಳಕೆಯಲ್ಲಿರುವ ಹೆಸರುಗಳನ್ನು ಆ ವಿದ್ಯಾರ್ಥಿಗಳ ನೆರವಿನಿಂದಲೇ ಕಲೆಹಾಕಿದರೆ ಬೋಧನೆಗೂ ಸಂಶೋಧನೆಗೂ ಆಧಾರವಾಗುವ ಚಿಕ್ಕದೊಂದು ಪದಕೋಶ ಸಿದ್ಧವಾದೀತು. ಆ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ಅದೇ ಒಂದು ಕೋಣೆಯ ಮನೆಗಳಲ್ಲಿದ್ದಾರೆ. ಅವರನ್ನು ಕೇಳಬೇಕಾದವರು ಪಕ್ಕದಲ್ಲಿಯೇ ಕುಳಿತು ಬ್ಯಾಲಡ್ಡಿನ ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಿದ್ದಾರೆ.