ಗಳಿಕೆ, ಉಳಿಕೆ, ನೀಡಿಕೆ: ವೆಸ್ಲಿಯ ಒಂದು ಉಪದೇಶದ ವಿಮರ್ಶೆ

ಧರ್ಮಸಾಹಿತ್ಯದಲ್ಲಿ ದಾನದ ಪ್ರಶಂಸೆ ಧಾರಾಳವಾಗಿ ದೊರೆಯುತ್ತದೆ. ದಾನವಾಗಿ ಬಂದ ಹಣವು ಯಾವ ಕೆಲಸದಿಂದ ಹುಟ್ಟಿತೆಂಬ ವಿಚಾರಣೆಯಾದರೋ ವಿರಳ. ಮೆಥಡಿಸ್ಟ್ ಪಂಥದ ಪ್ರವರ್ತಕನಾದ ಜಾನ್ ವೆಸ್ಲಿ (1703–1791) 1760ರಲ್ಲಿ ಪ್ರಕಟಿಸಿದ ‘ಹಣದ ಉಪಯೋಗ’ ಎಂಬ ಉಪದೇಶವು ಈ ವಿಚಾರಣೆಯನ್ನು ನೇರವಾಗಿ ಕೈಗೊಂಡಿದೆ. ಗಳಿಕೆ, ಉಳಿಕೆ, ನೀಡಿಕೆ ಎಂಬ ಮೂರು ಕರ್ತವ್ಯಗಳನ್ನು ವಿಧಿಸಿ, ಮೂರನ್ನೂ ಶಕ್ತಿಯಿದ್ದಷ್ಟು ನಡೆಸಬೇಕೆಂಬುದು ಅದರ ತಾತ್ಪರ್ಯ.

ಉಪದೇಶಕ್ಕೆ ಆಧಾರ ಲೂಕನ ಸುವಾರ್ತೆಯ 16ನೆಯ ಅಧ್ಯಾಯದ ಸಾಮ್ಯ. ಕೆಲಸ ಕಳೆದುಕೊಳ್ಳಲಿದ್ದ ಪಾರುಪತ್ಯಗಾರನೊಬ್ಬನು ಧಣಿಯ ಸಾಲಗಾರರನ್ನು ಕರೆದು, ನೂರು ಅಳತೆ ಎಣ್ಣೆಯ ಪತ್ರವನ್ನು ಐವತ್ತಕ್ಕೂ ನೂರು ಅಳತೆ ಗೋಧಿಯ ಪತ್ರವನ್ನು ಎಂಬತ್ತಕ್ಕೂ ಇಳಿಸುತ್ತಾನೆ. ವೆಸ್ಲಿಯು ಅವನ ವಂಚನೆಯನ್ನು ಸಮರ್ಥಿಸದೆ, ಪಾರುಪತ್ಯಗಾರನೆಂಬ ಪದವನ್ನು ಹಿಡಿದುಕೊಳ್ಳುತ್ತಾನೆ. ಮನುಷ್ಯನು ಹಣದ ಒಡೆಯನಲ್ಲ. ಪರರ ಸ್ವತ್ತಿನ ಲೆಕ್ಕವೊಪ್ಪಿಸಬೇಕಾದ ಅಧಿಕಾರಿ ಮಾತ್ರ.

ಗಳಿಕೆಯ ಸೂತ್ರಕ್ಕೆ ಹಾಕಿದ ಕಟ್ಟುಗಳಲ್ಲಿಯೇ ಉಪದೇಶದ ಸತ್ತ್ವವಿದೆ. ತನ್ನ ದೇಹಕ್ಕಾಗಲಿ, ಮನಸ್ಸಿಗಾಗಲಿ, ನೆರೆಯವನಿಗಾಗಲಿ ಹಾನಿ ತರುವ ಸಂಪಾದನೆ ನಿಷಿದ್ಧ. ಪಾಷಾಣದೊಡನೆ ವ್ಯವಹರಿಸುವ ಕಸುಬು, ಕರಗಿದ ಸೀಸದ ಹೊಗೆಯನ್ನು ಉಸಿರಾಡಬೇಕಾದ ಕಸುಬು ಕೂಡದು. ದುರ್ಬಲರು ಬಹುಹೊತ್ತು ಬಗ್ಗಿ ಕುಳಿತು ಬರೆಯುವ ಉದ್ಯೋಗವನ್ನೂ ಆತನು ಮರೆತಿಲ್ಲ. ಗಿರವಿಯ ವ್ಯವಹಾರ, ಔಷಧಕ್ಕಲ್ಲದೆ ಮದ್ಯದ ಮಾರಾಟ, ಹಣಕ್ಕಾಗಿ ರೋಗವನ್ನು ಬೆಳೆಸುವ ವೈದ್ಯವೃತ್ತಿ, ಪೇಟೆಯ ಧಾರಣೆಗಿಂತ ಕಡಿಮೆಗೆ ಮಾರಿ ಪಕ್ಕದವನ ವ್ಯಾಪಾರವನ್ನು ಕೆಡಿಸುವುದು—ಇವೆಲ್ಲವೂ ವರ್ಜ್ಯ. ಕೆಟ್ಟ ಗಳಿಕೆಯನ್ನು ಒಳ್ಳೆಯ ದಾನವು ತೊಳೆಯಲಾರದೆಂಬ ನಿಲುವು ಇಲ್ಲಿ ಸ್ಪಷ್ಟವಾಗಿದೆ. ಔದಾರ್ಯವು ಆರಂಭವಾಗುವುದು ದಾನದ ಹೊತ್ತಿನಲ್ಲಲ್ಲ, ದುಡಿಮೆಯ ಹೊತ್ತಿನಲ್ಲಿ.

ಮ್ಯಾಕ್ಸ್ ವೇಬರನು 1904–05ರಲ್ಲಿ ಬರೆದು 1920ರಲ್ಲಿ ಪರಿಷ್ಕರಿಸಿದ, ಪ್ರಾಟೆಸ್ಟಂಟ್ ನೀತಿಯನ್ನು ಕುರಿತ ಪ್ರಬಂಧದಲ್ಲಿ ವೆಸ್ಲಿಯ ಇಳಿವಯಸ್ಸಿನ ಬರಹವೊಂದನ್ನು ಸಾಕ್ಷಿಯಾಗಿ ಬಳಸಿಕೊಂಡಿದ್ದಾನೆ. ಭಕ್ತಿಯಿಂದ ಶ್ರಮಶೀಲತೆ ಮತ್ತು ಮಿತವ್ಯಯ, ಅವುಗಳಿಂದ ಐಶ್ವರ್ಯ, ಐಶ್ವರ್ಯದಿಂದ ಭಕ್ತಿಯ ಕ್ಷಯ ಎಂಬ ಆತಂಕ ಅಲ್ಲಿದೆ. ಆ ಆತಂಕಕ್ಕೆ ವೆಸ್ಲಿಯು ಸೂಚಿಸಿದ ಪರಿಹಾರವೇ ನೀಡಿಕೆ. ವೇಬರನು ಅದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಬಂಡವಾಳದ ಇತಿಹಾಸಕ್ಕೆ ಅಷ್ಟು ಸಾಕಾಗಿರಬಹುದು. ವೆಸ್ಲಿಯನ್ನು ಅರಿಯಲು ಸಾಲದು. ಮೂರನೆಯ ಸೂತ್ರವನ್ನು ಬಿಟ್ಟರೆ ಮೊದಲಿನೆರಡು ಸೂತ್ರಗಳು ಲೋಭಿಯ ದಿನಚರಿಯಾಗುತ್ತವೆ.

ಆದರೆ ಉಪದೇಶದಲ್ಲಿ ಒಂದು ಕೊರತೆಯುಂಟು. ಆರೋಗ್ಯವನ್ನು ಕೆಡಿಸುವ ಉದ್ಯೋಗದಲ್ಲಿರುವವನು, ವರಮಾನ ತಗ್ಗಿದರೂ ಚಿಂತೆಯಿಲ್ಲ, ಬೇಗನೆ ಬೇರೆಯದನ್ನು ಹಿಡಿಯಬೇಕೆಂದು ವೆಸ್ಲಿಯು ಬೋಧಿಸುತ್ತಾನೆ. ಬೇರೆ ಉದ್ಯೋಗವೇ ಇಲ್ಲದ ಬಡವನು ಏನು ಮಾಡಬೇಕು? ಉಪದೇಶವು ಮೌನವಾಗಿದೆ, ಉಪದೇಶಕನ ಕಾರ್ಯ ಮೌನವಾಗಿರಲಿಲ್ಲ. 1746ರಲ್ಲಿ ಆತನು ಲಂಡನ್ನಿನಲ್ಲಿ ಸಾಲನಿಧಿಯೊಂದನ್ನು ಸ್ಥಾಪಿಸಿದನು. ಉಳ್ಳವರಿಂದ ಸಂಗ್ರಹವಾದ 50 ಪೌಂಡುಗಳನ್ನು ಇಬ್ಬರು ಪಾರುಪತ್ಯಗಾರರ ಕೈಯಲ್ಲಿರಿಸಿ, 20 ಷಿಲಿಂಗ್ ಮೀರದ ಸಾಲಗಳನ್ನು ಮೂರು ತಿಂಗಳ ವಾಯಿದೆಗೆ ಕೊಡಿಸಿದನು. ಒಂದು ವರ್ಷದಲ್ಲಿ 250 ಮಂದಿಗೆ ನೆರವಾಯಿತೆಂದು ಆತನೇ ದಾಖಲಿಸಿದ್ದಾನೆ. ಭಿಕ್ಷೆಯು ಖರ್ಚಾಗಿ ಹೋಗುತ್ತದೆ. ಹಿಂದಿರುಗಿ ಬಂದ ಸಾಲವು ಮತ್ತೊಬ್ಬನ ಕೈಗೆ ಕೆಲಸವಾಗುತ್ತದೆ.

ಇಂಥ ನಿಧಿಯಿಂದಲೇ 5 ಪೌಂಡು ಪಡೆದವನು ಜೇಮ್ಸ್ ಲ್ಯಾಕಿಂಗ್‌ಟನ್. ಚಮ್ಮಾರಿಕೆಯಿಂದ ಪುಸ್ತಕ ವ್ಯಾಪಾರಕ್ಕೆ ಬಂದ ಈತನು ಲಂಡನ್ನಿನ ಅತಿ ದೊಡ್ಡ ಪುಸ್ತಕದಂಗಡಿಗಳಲ್ಲೊಂದನ್ನು ಕಟ್ಟಿದನು. 1791ರ ಆತ್ಮಕಥೆಯಲ್ಲಿ ಮೆಥಡಿಸ್ಟರನ್ನು ಅಪಹಾಸ್ಯ ಮಾಡಿ, 1804ರಲ್ಲಿ ಪಶ್ಚಾತ್ತಾಪದ ಗ್ರಂಥವನ್ನು ಬರೆದನು. ವಿಚಾರಾರ್ಹವಾದುದು ಆತನ ವ್ಯಾಪಾರದ ಕ್ರಮ. ಧಾರಣೆ ಇಳಿಯದಿರಲೆಂದು ಉಳಿದ ಪ್ರತಿಗಳನ್ನು ನಾಶಪಡಿಸುವ ರೂಢಿಯನ್ನು ತೊರೆದು, ಅವನ್ನು ಅಲ್ಪಬೆಲೆಗೆ ಮಾರಿ, ಇತರ ವ್ಯಾಪಾರಿಗಳ ದ್ವೇಷಕ್ಕೆ ಗುರಿಯಾದನು. ವೆಸ್ಲಿಯ ನಿಧಿಯಿಂದ ಏಳಿಗೆ ಕಂಡವನು ವೆಸ್ಲಿಯ ನಿಯಮವನ್ನೇ ಮುರಿದಂತಾಯಿತು. ಆದರೆ ಆ ಮುರಿತದಿಂದ ಬಡ ಓದುಗನ ಕೈಗೆ ಪುಸ್ತಕ ಬಂದಿತು.

ಪೇಟೆಯಲ್ಲಿ ನೆರೆಯವನೆಂದರೆ ಯಾರು? ವೆಸ್ಲಿಯ ಕಣ್ಣು ಪಕ್ಕದಂಗಡಿಯವನನ್ನು ಕಂಡಿತು. ಎದುರು ನಿಂತ ಗಿರಾಕಿಯನ್ನು ಅಷ್ಟಾಗಿ ಕಾಣಲಿಲ್ಲ. ಈ ನ್ಯೂನತೆಯಿಂದ ಉಪದೇಶದ ಮೂಲತತ್ತ್ವಕ್ಕೆ ಕುಂದಿಲ್ಲ, ಅದರ ಅನ್ವಯಕ್ಕೆ ಮಾತ್ರ ತಿದ್ದುಪಡಿ ಬೇಕು. ಪಾರುಪತ್ಯಗಾರನು ಲೆಕ್ಕ ಒಪ್ಪಿಸುವಾಗ ದಾನದ ಪುಟವೊಂದನ್ನೇ ತೆರೆದು ತೋರಿಸಿದರೆ ಸಾಲದು. ಜಮೆಯ ಪುಟವನ್ನೂ ತೆರೆಯಬೇಕು, ಅಲ್ಲಿ ಯಾರ ನಷ್ಟ ತನ್ನ ಲಾಭವೆಂದು ಬರೆಯಲ್ಪಟ್ಟಿದೆಯೋ ಅವರ ಹೆಸರುಗಳನ್ನೂ ಓದಬೇಕು.