ಅರ್ಧ ಬರೆದವನದು, ಅರ್ಧ ಕೂತವಳದು

ನಮ್ಮ ಕಡೆ ಮನುಷ್ಯನ ಚಿತ್ರ ಗೋಡೆಗೆ ಏರುವುದು ಅವನು ಸತ್ತ ಮೇಲೆ. ಓಟಿನ ಕಾರ್ಡಿನಲ್ಲಿರುವ ಉಗುರಿನಷ್ಟು ಫೋಟೋವನ್ನು ಧರ್ಮಪುರಿ ಸ್ಟುಡಿಯೋಗೆ ಕೊಟ್ಟರೆ ಅದನ್ನು ದೊಡ್ಡದು ಮಾಡಿ, ಮುಖಕ್ಕೆ ಬಿಳುಪು ಬಳಿದು, ಹಿಂದೆ ನೀಲಿ ಪರದೆ ಬಿಟ್ಟು, ಫ್ರೇಮ್ ಹಾಕಿ ಕೊಡುತ್ತಾರೆ. ಅದಕ್ಕೊಂದು ಹಾರ, ಒಂದು ಕೆಂಪು ಬಲ್ಬು. ಮೊಮ್ಮಕ್ಕಳು ಅದನ್ನೇ ನೋಡಿ ನಮ್ಮ ತಾತ ಹಿಂಗಿದ್ದ ಅಂದ್ಕೊತವೆ. ಬದುಕಿರುವಾಗಲೇ ಚಿತ್ರ ಬೇಕು ಅಂದ್ರೆ ಮದುವೆಯ ಫ್ಲೆಕ್ಸು, ಕಿವಿ ಚುಚ್ಚುವ ಫ್ಲೆಕ್ಸು. ಅದರಲ್ಲೂ ಎಲ್ಲರೂ ಬೆಳ್ಳಗೆ.

ಈ ಸಲ ಪೊಂಗಲ್ ಕಳೆದ ಮೇಲೆ ಸೇಲಂ ಕಡೆಯ ಒಬ್ಬ ಹುಡುಗ ನಮ್ಮ ವಾಚನಾಲಯದ ಜಗಲಿ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದ. ಚೆನ್ನೈನಲ್ಲಿ ಚಿತ್ರಕಲೆ ಓದಿದವನು. ಯಾರಾದ್ರೂ ಬಂದು ಒಂದು ಗಂಟೆ ಕುಂತ್ಕೊಳ್ಳಿ, ಎಣ್ಣೆ ಬಣ್ಣದಲ್ಲಿ ನಿಮ್ಮ ಮುಖ ಬರೀತೀನಿ ಅಂದ. ಜನ ಮೊದಲು ನಕ್ಕರು, ಆಮೇಲೆ ಸಾಲು ನಿಂತರು. ಮೂರು ದಿನದಲ್ಲಿ ಹನ್ನೊಂದು ಮಂದಿ ಕೂತರು. ಅವನು ದುಡ್ಡು ಕೇಳಲಿಲ್ಲ, ಕೊಡಲೂ ಇಲ್ಲ. ಹನ್ನೊಂದನ್ನೂ ಬರೆಯುವಾಗಲೇ ನಾನು ಪಕ್ಕದಲ್ಲಿ ನಿಂತು ನೋಡಿದೆ. ನಾನು ರಾಗಿ, ಮರಗೆಣಸು ಬೆಳೆಯುವವನು, ರಾತ್ರಿ ಮಾದಪ್ಪನ ಹಾಡು ಹಾಡುವವನು. ಬ್ರಷ್ಷು ಹಿಡಿದವನಲ್ಲ. ಆದರೆ ಜನರ ಎದುರಿಗೆ ಕೂತು, ಹೊತ್ತು ಮೀರದ ಹಾಗೆ ಒಂದು ಕೆಲಸ ಮುಗಿಸುವ ಕಷ್ಟ ನನಗೂ ಗೊತ್ತು. ಆ ಲೆಕ್ಕದಲ್ಲೇ ಈ ಚಿತ್ರಗಳನ್ನು ತೂಗಿ ನೋಡುತ್ತೇನೆ.

ಮೊದಲು ಕೆಲಸದ ಬಗೆ ಹೇಳಬೇಕು. ಹಲಗೆಗೆ ಮುಂಚೆಯೇ ತೆಳ್ಳಗೆ ಕಂದು ಬಣ್ಣ ಒರೆಸಿ ತಂದಿದ್ದ. ಟರ್ಪೆಂಟೈನಿನಲ್ಲಿ ಬಣ್ಣ ನೀರಾಗಿಸಿ ತಲೆಯ ವಾಲು, ಕಣ್ಣಿನ ಗುಳಿ, ಮೂಗಿನ ನೆರಳು ಗುರುತು ಹಾಕುತ್ತಾನೆ. ಆಮೇಲೆ ಕಣ್ಣು ಅರ್ಧ ಮುಚ್ಚಿ ನೋಡುತ್ತಾನೆ. ಹಾಗೆ ನೋಡಿದರೆ ಸಣ್ಣ ಗೆರೆಗಳೆಲ್ಲ ಮರೆಯಾಗಿ ದೊಡ್ಡ ನೆರಳು, ದೊಡ್ಡ ಬೆಳಕು ಮಾತ್ರ ಉಳೀತದೆ. ಮೊದಲು ನೆರಳು, ಆಮೇಲೆ ಬೆಳಕು, ದಪ್ಪ ಬಣ್ಣ ಕಡೆಗೆ. ಈ ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಅರೆದಿರುತ್ತಾರೆ. ಅದು ನೀರಿನ ಹಾಗೆ ಆವಿಯಾಗಿ ಒಣಗುವುದಲ್ಲ, ಗಾಳಿ ಕುಡಿದು ಗಟ್ಟಿಯಾಗುವುದು. ಅದಕ್ಕೆ ದಿನಗಳು ಬೇಕು. ಹಾಗಾಗಿ ಒಂದು ಗಂಟೆಯ ಚಿತ್ರದಲ್ಲಿ ಹಸಿ ಬಣ್ಣದ ಮೇಲೆ ಹಸಿ ಬಣ್ಣವೇ ಬೀಳಬೇಕು. ಒಂದು ಸಲ ಜಾಸ್ತಿ ಉಜ್ಜಿದರೆ ಎಲ್ಲ ಕಲಸಿ ಕೆಸರು. ಇಟಲಿಯವರು ಈ ಬಗೆಯನ್ನು ಅಲ್ಲಾ ಪ್ರಿಮಾ ಅಂತಾರೆ, ಮೊದಲ ಸಲಕ್ಕೇ ಅಂತ ಅರ್ಥ.

ಇಷ್ಟು ಬೇಗ ಯಾಕೆ ಬರೀಬೇಕು? ರಾಜಾ ರವಿವರ್ಮರು 1885ರಲ್ಲಿ ಚಾಮರಾಜೇಂದ್ರ ಒಡೆಯರು ಕರೆದದ್ದಕ್ಕೆ ಮೈಸೂರಿಗೆ ಬಂದು ಅರಮನೆಯವರ ಚಿತ್ರ ಬರೆದರು. ಒಂದೊಂದು ಒಡವೆ, ಒಂದೊಂದು ಜರಿ ಎಳೆ ಕಾಣುವ ಹಾಗೆ ನಿಧಾನದ ಕೆಲಸ. ಅರಮನೆಗೆ ಅಷ್ಟು ಹೊತ್ತು ಉಂಟು. ಕಡ್ಲೆಕಾಯಿ ಕೀಳಲು ಹೋಗುವ ಹೆಂಗಸಿಗೆ ಅರ್ಧ ದಿನ ಕೂತರೆ ಅರ್ಧ ದಿನದ ಕೂಲಿ ಹೋಯ್ತು. ಸಂಜೆ ಹಾಲು ಕರೆಯುವುದರೊಳಗೆ ಮುಗಿಯುವ ಚಿತ್ರವಾದರೆ ಮಾತ್ರ ಅವಳು ಚಿತ್ರದೊಳಗೆ ಬರಲು ಸಾಧ್ಯ. ಹಾಲೆಂಡಿನಲ್ಲಿ ಸುಮಾರು 400 ವರ್ಷದ ಹಿಂದೆ ಫ್ರಾನ್ಸ್ ಹಾಲ್ಸ್ ಅಂತ ಒಬ್ಬರಿದ್ದರು. ಸಾಹುಕಾರರನ್ನು ಬರೆದವರೇ. ಆದರೆ ಮೀನುಗಾರರ ಮಕ್ಕಳನ್ನೂ, ಹೆಂಡದ ಮುಂದೆ ಕೂತು ನಗುವವರನ್ನೂ ಬರೆದರು. ಬ್ರಷ್ಷು ಎಳೆದ ಗುರುತು ಹಾಗೆಯೇ ಎದ್ದು ಕಾಣುತ್ತದೆ. ನಗುವನ್ನು ಹತ್ತು ದಿನ ಹಿಡಿದು ಕೂರಲು ಯಾರಿಂದಾದೀತು? ಬೇಗ ಬರೆಯುವುದಕ್ಕೆ ನ್ಯಾಯವಾದ ಕಾರಣ ಎಂದರೆ ಕೂತವರ ಹೊತ್ತು. ಬರೆಯುವವನ ಕೈಚಳಕ ಅಲ್ಲ. ಇದು ನನ್ನ ಅಳತೆಗೋಲು.

ಇದೇ ಗೋಲಿನಿಂದ ಮೂರು ಚಿತ್ರ ಅಳೆಯುತ್ತೇನೆ.

ಮೊದಲನೆಯದು ನಮ್ಮ ಬೀದಿಯ ಅಜ್ಜಿಯದು. ನಾವು ಕಪ್ಪು ಅಂದುಬಿಡುವ ಮೈಬಣ್ಣ ಅವರದು. ಹುಡುಗನ ಬಣ್ಣದ ಹಲಗೆಯಲ್ಲಿ ಕಪ್ಪು ಅನ್ನುವುದೇ ಇರಲಿಲ್ಲ. ಸುಟ್ಟ ಮಣ್ಣಿನ ಕಂದು ಬಣ್ಣಕ್ಕೆ ನೀಲಿ ಬೆರೆಸಿ ನೆರಳು ಮಾಡಿದ. ಕೆನ್ನೆಯಲ್ಲಿ ನಮ್ಮ ಹೊಲದ ಕೆಮ್ಮಣ್ಣಿನ ಬಣ್ಣವೇ ಬಂತು. ಹಣೆಯ ಮೇಲೆ ಆಕಾಶದ ನೀಲಿ ಸ್ವಲ್ಪ, ಗಲ್ಲದ ಅಡಿಯಲ್ಲಿ ಸೀರೆಯ ಕೆಂಪು ಸ್ವಲ್ಪ. ಇವೆಲ್ಲ ಅಲ್ಲಿ ನಿಜವಾಗಿ ಇದ್ದವು. ಅವನು ತೋರಿಸಿದ ಮೇಲೆ ನಮಗೂ ಕಂಡವು. ಅಜ್ಜಿ ಬಾಯಿ ಮುಚ್ಚಲಿಲ್ಲ. ಮಳೆ, ಮಗಳು, ಸೊಸೈಟಿ ಸಾಲ ಎಲ್ಲ ಹೇಳಿದರು. ಸುಮ್ನಿರಜ್ಜಿ ಅಂತ ಅವನು ಒಂದು ಸಲವೂ ಅನ್ನಲಿಲ್ಲ. ಬಾಯಿಯನ್ನು ಕಡೆಗೆ ಇಟ್ಟುಕೊಂಡು ಮೂರೇ ಎಳೆತದಲ್ಲಿ ಮುಗಿಸಿದ. ಮಾತಿನ ನಡುವೆ ಉಸಿರು ತಗೊಳ್ಳುವ ಬಾಯಿ ಅದು. ಒಂದು ಕಿವಿ ಬರೆಯಲಿಲ್ಲ, ಕೈ ಬರೆಯಲಿಲ್ಲ. ಬೇಕು ಅಂತಲೂ ಅನ್ನಿಸಲಿಲ್ಲ.

ಎರಡನೆಯದು ಇಸ್ತ್ರಿ ಶರ್ಟು ಹಾಕಿಕೊಂಡು ಬಂದ ಹಿರಿಯರೊಬ್ಬರದು. ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಬಿಗಿದು ಕೂತರು. ಸ್ವಲ್ಪ ಬೆಳ್ಳಗೆ ಬರ್ಲಿ ತಂಬಿ ಅಂದರು. ಹುಡುಗ ಎದುರು ಮಾತಾಡಲಿಲ್ಲ, ಬಿಳಿ ಬೆರೆಸಿದ. ಬಿಳಿ ಹೆಚ್ಚಾದರೆ ಬಣ್ಣದ ಬಿಸುಪು ಹೋಗಿ ಸುಣ್ಣ ಬಳಿದಂಗೆ ಆಗುತ್ತದೆ. ಶರ್ಟಿನ ಮಡಿಕೆ ಬಲು ಚೆನ್ನಾಗಿದೆ, ಮುಖ ಮಾತ್ರ ಫ್ಲೆಕ್ಸು. ಕೂತವರಿಗೆ ಮರ್ಯಾದೆ ಕೊಡುವುದು ಅಂದ್ರೆ ಕೇಳಿದ್ದನ್ನೆಲ್ಲ ಕೊಡುವುದಲ್ಲ. ಮಾತಾಡಿಸಿ ಅವರ ಬಿಗಿ ಸಡಿಲಿಸಬೇಕಿತ್ತು. ಅಜ್ಜಿ ತಾನೇ ಮಾತಾಡಿದರು, ಇವರನ್ನು ಮಾತಾಡಿಸಬೇಕಿತ್ತು, ಅಷ್ಟೇ ವ್ಯತ್ಯಾಸ.

ಮೂರನೆಯದು ಕಡೇ ದಿನ ಸಂಜೆಯದು. ಅಷ್ಟು ಹೊತ್ತಿಗೆ ಹುಡುಗರ ಗುಂಪು ಸೇರಿತ್ತು, ಎಲ್ಲರ ಕೈಯಲ್ಲೂ ಫೋನು. ಇಪ್ಪತ್ತೇ ನಿಮಿಷದಲ್ಲಿ ಟ್ರಾಕ್ಟರ್ ಓಡಿಸುವ ಹುಡುಗನೊಬ್ಬನ ಮುಖ ಮುಗಿಯಿತು, ಚಪ್ಪಾಳೆ ಬಿತ್ತು. ದೂರದಿಂದ ಜೋರಾಗಿ ಕಾಣುವ ಚಿತ್ರವೇ. ಹತ್ತಿರ ಹೋಗಿ ನೋಡಿದರೆ ಕಣ್ಣು ಆ ಹುಡುಗನದಲ್ಲ. ಮೊದಲ ದಿನ ಬೇರೆಯವರಿಗೆ ಬರೆದ ಕಣ್ಣೇ ಇಲ್ಲಿ ಬಂದು ಕೂತಿದೆ. ಕೈಗೆ ರೂಢಿಯಾದದ್ದು ಬಂತು, ಎದುರಿಗಿದ್ದದ್ದು ಬರಲಿಲ್ಲ. ಬರೆಯುವವನು ಕೂತವನಿಗಿಂತ ನಿಂತವರನ್ನು ಜಾಸ್ತಿ ನೋಡಿದ. ಸಾರ್ಜೆಂಟ್ ಅನ್ನುವ ಅಮೆರಿಕದ ಚಿತ್ರಗಾರರ ಮುಖಗಳನ್ನು ನೋಡಿದರೆ ಒಂದೇ ಏಟಿಗೆ ಬರೆದಂತೆ ಇರುತ್ತವೆ. ಆದರೆ ಸರಿ ಅನ್ನಿಸದಿದ್ದರೆ ಮುಖವನ್ನೇ ಪೂರಾ ಕೆರೆದು ಹಾಕಿ ಮತ್ತೆ ಶುರು ಮಾಡುತ್ತಿದ್ದರಂತೆ. ಬೇಗ ಅನ್ನುವುದು ಬೇರೆ, ಅವಸರ ಅನ್ನುವುದು ಬೇರೆ.

ಹಾಡಿನಲ್ಲೂ ಇದೇ. ಮಾದಪ್ಪನ ಕತೆ ಇಡೀ ರಾತ್ರಿ ಹಾಡಿದರೂ ಮುಗಿಯದು. ಬೆಳಿಗ್ಗೆ ಕುಯ್ಲು ಇದೆ, ಜನಕ್ಕೆ ನಿದ್ದೆ ಬೇಕು ಅಂದ್ರೆ ಒಂದು ಸಾಲನ್ನು ಮಾತ್ರ ಎತ್ತಿಕೊಂಡು ಹಾಡಿ ಮಂಗಳ ಮಾಡುತ್ತೇವೆ. ಹಾಡನ್ನು ಮೊಟಕು ಮಾಡಬಹುದು, ಓಡಿಸಬಾರದು. ಅಜ್ಜಿಯ ಚಿತ್ರದಲ್ಲಿ ಅವನು ಮೊಟಕು ಮಾಡಿದ: ಕಿವಿ ಬಿಟ್ಟ, ಕೈ ಬಿಟ್ಟ, ಬಾಯಿಗೆ ಕಾದ. ಟ್ರಾಕ್ಟರ್ ಹುಡುಗನ ಚಿತ್ರದಲ್ಲಿ ಏನನ್ನೂ ಬಿಡದೆ ಎಲ್ಲವನ್ನೂ ಓಡಿಸಿದ.

ಇನ್ನೊಂದು ಮಾತಿದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ನಡೆಸುತ್ತಾರೆ. ಅಲ್ಲಿ ಪೆನ್ಸಿಲಿನಲ್ಲಿ ಮುಖ ಬರೆಸಿಕೊಂಡವರು ಕಾಗದ ಸುತ್ತಿಕೊಂಡು ಮನೆಗೆ ಒಯ್ಯಬಹುದು. ಎಣ್ಣೆ ಬಣ್ಣದಲ್ಲಿ ಅದಾಗಲ್ಲ, ಮುಟ್ಟಿದರೆ ಕೈಗೆ ಬರುತ್ತದೆ. ಒಣಗಬೇಕು ಅಂತ ಹುಡುಗ ಹನ್ನೊಂದನ್ನೂ ಡಬ್ಬದಲ್ಲಿ ಜೋಡಿಸಿಕೊಂಡು ಹೋದ. ಊರಿನಲ್ಲಿ ಪ್ರದರ್ಶನ ಇಡ್ತಾನಂತೆ. ಕೂತವರ ಫೋನಿಗೆ ಒಂದೊಂದು ಫೋಟೋ ಕಳಿಸಿದ. ಅಜ್ಜಿಗೆ ಫೋನಿಲ್ಲ. ತಂಬೀ, ನನ್ನ ಮೊಕ ಎಂದು ವಾಪಸ್ ಕೊಡ್ತೀಯ ಅಂತ ಅವನಿಗೆ ಅರ್ಥವಾಗುವ ತಮಿಳಿನಲ್ಲೇ ಕೇಳಿದರು. ಅವನು ನಕ್ಕ. ಅಜ್ಜಿ ನಗಲಿಲ್ಲ.

ಹುಡುಗನಲ್ಲಿ ಕೆಟ್ಟತನ ಇಲ್ಲ. ಆದರೆ ಈ ದಾರಿಯಲ್ಲಿ ನಾವು ಮೊದಲೇ ನಡೆದಿದ್ದೇವೆ. ನಾನು ಚಿಕ್ಕವನಾಗಿದ್ದಾಗ ಪೇಟೆಯಿಂದ ಬಂದವರೊಬ್ಬರು ನಮ್ಮವ್ವನ ಹತ್ರ ಎರಡು ರಾತ್ರಿ ಕೂತು ಸೋಬಾನೆ ಬರ್ಕೊಂಡು ಹೋದರು. ಪುಸ್ತಕ ಬಂದಾಗ ಹಾಡಿದವಳ ಹೆಸರಿನ ಜಾಗದಲ್ಲಿ ಒಬ್ಬ ವಯಸ್ಸಾದ ಹೆಂಗಸು ಅಂತ ಇತ್ತು. ಚೆನ್ನೈ ಮರೀನಾದಲ್ಲಿ ನಾಲ್ಕು ಆಳು ಬಂಡೆ ತಳ್ಳುವ ಉಳೈಪ್ಪಾಳರ್ ಸಿಲೈ ಇದೆ, 1959ರಲ್ಲಿ ನಿಲ್ಲಿಸಿದ್ದು. ದೇವಿಪ್ರಸಾದ್ ರಾಯ್ ಚೌಧುರಿಯವರ ಕೆಲಸ ಅಂತ ಪುಸ್ತಕಗಳಲ್ಲಿ ಇದೆ. ಅದಕ್ಕೆ ಮೈ ಕೊಟ್ಟು ನಿಂತವರಲ್ಲಿ ಅವರ ಕಲಾಶಾಲೆಯ ಕಾವಲುಗಾರರೊಬ್ಬರೂ ಇದ್ದರಂತೆ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಫೋಟೋ ನೋಡಿ ಬರೆದ ಚಿತ್ರಕ್ಕೆ ಈ ಪ್ರಶ್ನೆ ಇಷ್ಟು ಜೋರಾಗಿ ಬರುವುದಿಲ್ಲ. ಎದುರಿಗೆ ಕೂರಿಸಿ ಬರೆದದ್ದರಲ್ಲಿ ಕೂತವರ ಒಂದು ಗಂಟೆ ಇದೆ, ಉಸಿರಿದೆ, ಮಾತಿದೆ. ಅಜ್ಜಿ ಸುಮ್ಮನೆ ಕೂತಿದ್ದರೆ ಆ ಬಾಯಿ ಆ ಚಿತ್ರಕ್ಕೆ ಬರುತ್ತಿರಲಿಲ್ಲ. ಅರ್ಧ ಕೆಲಸ ಅವರದೇ.

ಆ ಅಜ್ಜಿಯ ಹೆಸರನ್ನು ನಾನೂ ಇಲ್ಲಿ ಬರೆದಿಲ್ಲ. ಕೇಳಿದೆ. ಪುಸ್ತಕದಲ್ಲಿ ಬ್ಯಾಡ ಕಣಪ್ಪ, ನನ್ನ ಮೊಕ ಎಲ್ಲದೋ ಅದರ ಕೆಳಗೆ ಇರ್ಲಿ ಅಂದರು. ಹಾಗಾಗಿ ಬರೆದ ಹುಡುಗನಿಗೆ ನನ್ನ ಮಾತು ಇಷ್ಟೇ. ನಿನ್ನ ಕಣ್ಣು ಒಳ್ಳೆಯದು ತಂಬಿ, ಕೈಯೂ ಒಳ್ಳೆಯದು. ಪ್ರದರ್ಶನದಲ್ಲಿ ಹಳ್ಳಿ ಹೆಂಗಸು ಅಂತ ಚೀಟಿ ಅಂಟಿಸಬೇಡ, ಅವರು ಹೇಳಿದ ಹಾಗೆ ಹೆಸರು ಬರಿ. ನಿನ್ನ ಹೆಸರಿನ ಅಕ್ಷರ ಎಷ್ಟು ದೊಡ್ಡದೋ ಅವರದೂ ಅಷ್ಟೇ ದೊಡ್ಡದಿರಲಿ. ಪ್ರದರ್ಶನ ಮುಗಿದ ಮೇಲೆ ಆಯಾ ಮನೆಯ ಮುಖ ಆಯಾ ಮನೆಗೆ ಬರಲಿ. ಮುಂದಿನ ಸಲ ಬಂದಾಗ ಚಿತ್ರಗಳನ್ನು ಒಣಗಲು ನಮ್ಮ ವಾಚನಾಲಯದಲ್ಲೇ ಬಿಟ್ಟು ಹೋಗು, ಮಕ್ಕಳು ಮುಟ್ಟದ ಹಾಗೆ ನಾವು ಕಾಯುತ್ತೇವೆ. ಅಜ್ಜಿಗೆ ಈಗ ಎಂಬತ್ತು ದಾಟಿದೆ. ಅವರ ಚಿತ್ರ ಹಾರ ಹಾಕುವ ಹೊತ್ತಿಗೆ ಬರುವುದು ಬೇಡ, ಅದಕ್ಕೆ ಮೊದಲೇ ಬರಲಿ.