ಒಂದು ಮುತ್ತಿಗೆಯ ಮಹಾಚಿತ್ರ

1453ನೆಯ ಏಪ್ರಿಲ್ 6ರಿಂದ ಮೇ 29ರ ವರೆಗೆ ನಡೆದ ಕಾನ್‌ಸ್ಟಾಂಟಿನೋಪಲಿನ ಮುತ್ತಿಗೆಯನ್ನು, ಇಂದು ಇಸ್ತಾಂಬುಲ್ ಎನಿಸಿರುವ ಆ ನಗರದಲ್ಲಿ 2009ರಲ್ಲಿ ತೆರೆದ ‘ಪನೋರಮಾ 1453’ ವಸ್ತುಸಂಗ್ರಹಾಲಯವು ವರ್ತುಲಾಕಾರದ ಮಹಾಚಿತ್ರದಿಂದ ತೋರಿಸುತ್ತದೆ. ಮೇಲೆ ಆಕಾಶ, ಸುತ್ತಲೂ ಸೇನೆ, ಕಿವಿಗೆ ಫಿರಂಗಿಯ ಗರ್ಜನೆ; ನೆಲ ಮುಗಿದು ಚಿತ್ರ ಮೊದಲಾಗುವುದೆಲ್ಲಿ ಎಂಬುದೇ ತಿಳಿಯದು. ಕೌಶಲದಲ್ಲಿ ಕೊರತೆಯಿಲ್ಲ. ಆದರೆ ಪ್ರೇಕ್ಷಕನಿಗೆ ದೊರೆಯುವ ಸ್ಥಾನವು ಕೋಟೆಯ ಹೊರಗೆ, ಸುಲ್ತಾನ ಎರಡನೆಯ ಮೆಹಮದನ ಪಾಳೆಯದಲ್ಲಿ. ಚಕ್ರವರ್ತಿ ಹನ್ನೊಂದನೆಯ ಕಾನ್‌ಸ್ಟಂಟೈನನೊಡನೆ ಕಾದಿ ಮಡಿದವರ ಸಂಕಟವೂ, ಸೆರೆಯಾದ ಪುರಜನರ ಪಾಡೂ ಅಲ್ಲಿಂದ ಕಾಣವು. ಗೆದ್ದವನ ಕಣ್ಣೊಂದೇ ಚರಿತ್ರೆಯಾಗಲಾರದು. ಸಮೀಪದಲ್ಲಿಯೇ ಐದನೆಯ ಶತಮಾನದ ನಿಜವಾದ ಕೋಟೆ ಶಿಥಿಲವಾಗಿ ನಿಂತಿದೆ. ಅದರ ಒಳಮಗ್ಗುಲಿನಲ್ಲಿಯೂ ನಿಂತು ನೋಡಿದ ಹೊರತು ಮುತ್ತಿಗೆಯ ಅರ್ಥವು ಪೂರ್ಣವಾಗದು.